ಹಸಿರು ಆರಿದ ಮೇಲಿನ ಬೆಳಕು

ಬೋರಿಂಗಿನಿಂದ ಆರು ಬಿಂದಿಗೆ ನೀರು ತಂದೆ. ಹಿತ್ತಲ ಕಲ್ಲಿನ ಮೇಲೆ ಎರಡು ದುಪ್ಪಟಿ, ಯಜಮಾನರ ಮೂರು ಪಂಚೆ ಒಗೆದೆ. ಸೀಮೆಎಣ್ಣೆ ಸ್ಟೌವಿನ ಬತ್ತಿ ಬದಲಾಯಿಸಿದೆ. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಮೊರದಲ್ಲಿ ಸಿಪ್ಪೆ ಹಾರಿಸಿದೆ. ಹುಣಸೆಹಣ್ಣಿನ ಬೀಜ ಬಿಡಿಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಜಾಡಿಗೆ ತುಂಬಿದೆ. ಮೂರರ ಬಸ್ಸಿಗೆ ತಂಗಿ ಬಂದಳು.

ಆ ದಿನದ ಪುಟದಲ್ಲಿ ಬರೆದಿರುವುದು ಇಷ್ಟೇ. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದ ವರ್ಷದಿಂದ ನನಗೆ ದಿನದ ಕೆಲಸಗಳನ್ನು ಬರೆದಿಡುವ ಅಭ್ಯಾಸ. ನಮ್ಮ ಯಜಮಾನರು ತೆಲುಗು ಶಾಲೆಯಲ್ಲಿ ಮೇಷ್ಟ್ರು. ವರ್ಷದ ಕೊನೆಗೆ ಉಳಿದ ನೋಟುಬುಕ್ಕಿನ ಹಾಳೆಗಳನ್ನು ಹೊಲಿದು ತಂದುಕೊಡುತ್ತಿದ್ದರು. ಮೊದಲು ಕೆಲಸಗಳು, ಆಮೇಲೆ ಬಂದುಹೋದವರು, ಕೊನೆಗೆ ಏನು ಉಂಡೆವು, ಯಾರು ಮೊದಲು ಮಲಗಿದರು. ತೊಂಬತ್ತರ ದಶಕದ ನಡುವಿನ ಆ ಬೇಸಿಗೆಯ ಹದಿನಾರು ದಿನಗಳನ್ನು ಮಾತ್ರ ಈಗಲೂ ತೆಗೆದು ಓದುತ್ತೇನೆ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಬೆಳಕಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರಜೆ ಸಿಕ್ಕರೆ ರೈಲು ಹತ್ತಿ ಹಿಂದೂಪುರದಲ್ಲಿ ಅಪ್ಪನ ಮನೆಗೆ ಹೋಗುವವಳು. ಆ ದಿನ ಹಿಂದೂಪುರದಲ್ಲಿ ಇಳಿದವಳು ಮನೆಯ ಕಡೆ ತಲೆ ಹಾಕದೆ, ಬಸ್‌ಸ್ಟ್ಯಾಂಡಿಗೆ ನಡೆದು, ನೇರ ನನ್ನ ಮನೆಗೆ ಬಂದಿದ್ದಳು.

“ಕಾಗ್ದ ಇಲ್ಲ ಏನಿಲ್ಲ, ಹಿಂಗೆ ಬಂದ್ಬುಟ್ಟೆಯಲ್ಲೇ” ಅಂದೆ.

“ಬರಬಾರ್ದಾಗಿತ್ತಾ? ಸಾಯಂಕಾಲದ ಬಸ್ಸಿಗೆ ಹೋಯ್ತೀನಿ ಬಿಡು.”

“ಹೋಗೋವಂತೆ. ಮೊದ್ಲು ಅಕ್ಕಿ ಆರಿಸಿಕೊಡು.”

ಮೊರ ಕೊಟ್ಟು ಒಲೆಯ ಕಡೆ ತಿರುಗಿದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ, ಅವಳು ಮುಖವನ್ನು ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಮತ್ತೆ ತೆರೆದು, ಮತ್ತೆ ಮುಚ್ಚಿ ಅಕ್ಕಿಯನ್ನು ನೋಡುತ್ತಿದ್ದಳು. “ಏನೇ, ಕೋಳಿ ಕಾಳು ನೋಡಿದಂಗೆ ನೋಡ್ತೀಯ” ಎಂದು ಕೆಣಕಿದೆ. ಅವಳು ನಗಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು.

“ಅಕ್ಕ, ಹಿಂಗೆ ನೋಡಿದ್ರೆ ನಿನಗೆ ಮೂಗಿಲ್ಲ.”

ತಮಾಷೆ ಎಂದುಕೊಂಡೆ.

“ಓಲೆ ಕಾಣ್ತೈತೆ. ಕೂದ್ಲು ಕಾಣ್ತೈತೆ. ಮೂಗು ಬಾಯಿ ಇರೋ ಕಡೆ ಬೂದಿ ಮೆತ್ತಿದಂಗೈತೆ. ಕಣ್ಣು ಸುಟ್ಕೊಂಬುಟ್ಟೆ ಕಣಕ್ಕ. ಅಪ್ಪಂಗೆ ಹೇಳ್ಬ್ಯಾಡ.”

ಸ್ಟೌವಿನ ಮೇಲೆ ಎಸರು ಕುದಿದು ಚೆಲ್ಲುತ್ತಿತ್ತು. ಆರಿಸಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಅವಳ ಕೆಲಸ ಏನೆಂದು ನಮಗೆಲ್ಲ ಒಂದು ಮಟ್ಟಿಗೆ ಗೊತ್ತಿತ್ತು. ಹಿಂದಿನ ದಸರೆಗೆ ಹಿಂದೂಪುರದಲ್ಲಿ ಎಲ್ಲರೂ ಸೇರಿದ್ದಾಗ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೇಳಿದ್ದ. “ಅಲ್ಲ ಕಣಮ್ಮ, ಬೆಳಕು ಬೆಳಕು ಅಂತೀಯ, ಸೂರ್ಯ ಕೊಡೋದು ಸಾಲ್ದಾ ನಿಮಗೆ?” ತಂಗಿ ಅಮ್ಮನ ರಾಟೆಯ ಪಕ್ಕದಲ್ಲಿದ್ದ ಎರಡು ರೇಷ್ಮೆ ಎಳೆ ತೆಗೆದು ಹುರಿ ಮಾಡಿ ತೋರಿಸಿದ್ದಳು. ಕಣ್ಣಿಗೆ ಕಾಣದ ಒಂದು ಬೆಳಕುಂಟು. ಕೆಂಪಿಗಿಂತ ಆಚೆಯದು. ಅದರ ಎರಡು ಎಳೆ ಸೇರಿ ಒಂದಾದರೆ ಹಸಿರು ಬೆಳಕಾಗುತ್ತದೆ. ಬರೀ ಗಾಳಿಯಲ್ಲಿ ಅವು ಸೇರುವುದಿಲ್ಲ. ಒಂದು ಜಾತಿಯ ಹರಳಿನೊಳಗೆ ಹೋದರೆ ಸೇರುತ್ತವೆ, ಅದೂ ಎಲ್ಲೋ ಒಂದಷ್ಟು. ಹೆಚ್ಚು ಹಸಿರು ಬೇಕೆಂದರೆ ಹಿಂದೆಲ್ಲ ಭಾರಿ ಲೇಸರು ಇಡಬೇಕಿತ್ತಂತೆ. ಇವಳು ಅದೇ ಹರಳಿನ, ಉಗುರಿನಷ್ಟು ಅಗಲದ ಚಿಪ್ಪಿನಲ್ಲಿ ಕೂದಲಿಗಿಂತ ಸಣ್ಣ ದಾರಿ ಮಾಡಿ ಬೆಳಕನ್ನು ಅದರೊಳಗೆ ಒತ್ತಿ ತೂರಿಸುತ್ತಿದ್ದಳು. ಇಕ್ಕಟ್ಟಿನಲ್ಲಿ ಎಳೆಗೆ ಎಳೆ ಬೇಗ ಸಿಕ್ಕುತ್ತದೆ. ಸಣ್ಣ ಲೇಸರು ಸಾಕಾಗುತ್ತದೆ.

“ಹುರಿ ಬಿಚ್ಚೋಗಾಕಿಲ್ವಾ?” ಎಂದು ಅಪ್ಪ ಕೇಳಿದ್ದ.

ತಂಗಿಯ ಮುಖ ಅರಳಿತ್ತು. “ಬಿಚ್ಚೋಯ್ತದಪ್ಪ. ಅದೇ ತಾಪತ್ರಯ. ಸ್ವಲ್ಪ ದೂರ ಹೋದ್ಮೇಲೆ ಹೆಜ್ಜೆ ತಪ್ಪಿ, ಆಗಿದ್ದ ಹಸಿರು ವಾಪಸ್ ಬಿಚ್ಕೊಳ್ತದೆ. ಅದಕ್ಕೆ ಬಿಚ್ಚೋ ಹೊತ್ತಿಗೆ ಸರಿಯಾಗಿ ಹರಳನ್ನೇ ತಿರುವು ಹಾಕಿರ್ತೀವಿ. ಒಂದು ಪಟ್ಟೆ ಹಿಂಗೆ, ಒಂದು ಪಟ್ಟೆ ಹಂಗೆ. ಒಂದು ಚಿಪ್ಪಲ್ಲಿ ಸಾವಿರಾರು ಪಟ್ಟೆ.”

“ನಮ್ಮ ಕಸುಬೇ ಅನ್ನು” ಎಂದು ಅಪ್ಪ ಅಡ್ಡ ನೂಲು ಒಯ್ಯುವ ಲಾಳಿ ಎತ್ತಿಕೊಂಡಿದ್ದ. ಅಮ್ಮ ರಾಟೆ ನಿಲ್ಲಿಸದೆಯೇ, “ಕಸುಬು ಇದೇ ಆಗಿದ್ರೆ ಅಷ್ಟು ದೂರ ಯಾಕೆ ಹೋಗ್ಬೇಕಾಗಿತ್ತು, ಇಲ್ಲೇ ಲಾಳಿಗೆ ಕಂಡಿಕೆ ಸುತ್ತಬೋದಾಗಿತ್ತು” ಅಂದಿದ್ದಳು.

ಈಗ ಕಲ್ಯಾಣದುರ್ಗದ ನನ್ನ ಅಡುಗೆಮನೆಯಲ್ಲಿ ಅವಳು ಹೇಳಿದ್ದು ಹೀಗೆ. ನಾಲ್ಕು ದಿನದ ಹಿಂದೆ ಚಿಪ್ಪಿನಿಂದ ಹಸಿರು ಚೆನ್ನಾಗಿ ಬರುತ್ತಿತ್ತು. ಹಾಕಿದ್ದರಲ್ಲಿ ಎಷ್ಟು ಹಸಿರಾಗಿ ಬಂತು ಎಂದು ಅಳೆಯುತ್ತಿದ್ದಳು. ಅಷ್ಟು ಹಿಂದೆಂದೂ ಬಂದಿರಲಿಲ್ಲ. ಆಗ ಕರೆಂಟು ಒಂದು ಸಲ ಹೋಗಿ ಬಂತು. ಲೇಸರಿಗೆ ಬ್ಯಾಟರಿಯ ಆಸರೆ ಇತ್ತು. ಚಿಪ್ಪನ್ನು ಒಂದೇ ಹದದ ಬಿಸಿಯಲ್ಲಿ ಇಡುವ ಪುಟ್ಟ ಒಲೆಗೆ ಇರಲಿಲ್ಲ. ಬಿಸಿಯ ಹದ ತಪ್ಪಿದರೆ ಪಟ್ಟೆಗಳ ಲೆಕ್ಕವೂ ತಪ್ಪುತ್ತದೆ. ಹಸಿರು ಆರಿತು. ಹಸಿರಾಗಬೇಕಿದ್ದ ಕಾಣದ ಬೆಳಕು ಮಾತ್ರ ಹಾಗೆಯೇ, ಎಲ್ಲವೂ, ಆಚೆ ತುದಿಯಿಂದ ಬರುತ್ತಲೇ ಇತ್ತು.

“ಹಸಿರು ಹೋಯ್ತಲ್ಲ, ದಾರಿ ಜರುಗಿರ್ಬೇಕು ಅಂದ್ಕೊಂಡೆ. ಕಾಪಿನ ಕನ್ನಡಕ ಹಣೆಗೇರಿಸ್ದೆ. ಬಗ್ಗಿ, ಒಂದು ಕಣ್ಣು ಮುಚ್ಚಿ, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡ್ದೆ.”

“ಯಾಕೆ ಹಂಗೆ ನೋಡ್ದೆ?”

“ಅಪ್ಪ ಹಾಸು ನೋಡಾಕಿಲ್ವಾ, ಹಂಗೆ.”

ನಮ್ಮ ಮನೆಯಲ್ಲಿ ಹುಟ್ಟಿದವರು ಯಾರೇ ಆಗಲಿ ಹಾಗೆಯೇ ನೋಡುವುದು. ಮಗ್ಗದ ಉದ್ದಕ್ಕೂ ಬಿಗಿದ ಸಾವಿರಾರು ಎಳೆಯ ಹಾಸಿನಲ್ಲಿ ಒಂದು ಎಳೆ ಸಡಿಲವಾಗಿದೆಯೋ, ಹರಿದಿದೆಯೋ ಎಂದು ಮೇಲಿನಿಂದ ನೋಡಿದರೆ ತಿಳಿಯದು. ಅಪ್ಪ ಗುಂಡಿಯಿಂದ ಮೇಲೆದ್ದು, ಮಂಡಿಯೂರಿ, ಕೆನ್ನೆ ಎಳೆಗಳಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣಿನಲ್ಲಿ ಉದ್ದಕ್ಕೂ ನೋಡುತ್ತಿದ್ದ. ತಂಗಿ ಆಡಲು ಕಲಿಯುವ ಮೊದಲೇ ಹಾಗೆ ಬಗ್ಗಲು ಕಲಿತಿದ್ದಳು. ಗೋಡೆ ನೆಟ್ಟಗಿದೆಯೇ, ಸೂಜಿಯ ಕಣ್ಣು ಎಲ್ಲಿದೆ, ಪಾತ್ರೆಯಲ್ಲಿ ನೀರು ಎಷ್ಟಿದೆ, ಎಲ್ಲಕ್ಕೂ ಬಗ್ಗುವುದೇ.

“ನೋವಾಗ್ಲಿಲ್ವೇನೇ?”

“ಅದೇ ಕಣಕ್ಕ. ಏನೂ ಆಗ್ಲಿಲ್ಲ. ಕಾಣೋ ಬೆಳಕಾಗಿದ್ರೆ ಕಣ್ಣು ತಾನೇ ಮುಚ್ಕೊಂಡಿರೋದು. ಕಾಣ್ದೇ ಇರೋದಕ್ಕೆ ಅದ್ಯಾಕೆ ಮುಚ್ಕೊಳ್ತದೆ? ತೆರ್ಕೊಂಡೇ ಇತ್ತು. ತಲೆ ಎತ್ತಿದ್ಮೇಲೆ ಗೋಡೆ ಗಡಿಯಾರದಲ್ಲಿ ಮುಳ್ಳಿರ್ಲಿಲ್ಲ.”

ಅವಳ ಗುರುಗಳೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಕಣ್ಣಿನ ಒಳಪರದೆಯ ಮೇಲೆ ಸುಟ್ಟಿದೆ, ನಡುಮಧ್ಯಕ್ಕೆ ಹತ್ತಿರ. ಮಾತ್ರೆ ಕೊಟ್ಟರು. ಹದಿನೈದು ದಿನ ಕಾಯಬೇಕು ಎಂದರು. ಚೌಕುಳಿ ಗೆರೆಗಳ ಒಂದು ಹಾಳೆ ಕೊಟ್ಟು, ದಿನಾ ಬೆಳಿಗ್ಗೆ ಒಂದೊಂದೇ ಕಣ್ಣಿನಲ್ಲಿ ನಡುವಿನ ಚುಕ್ಕೆ ನೋಡು, ಕಲೆ ಎಷ್ಟು ಚೌಕ ಮುಚ್ಚಿದೆ ಎಂದು ಗಮನಿಸು, ಗೆರೆ ಸೊಟ್ಟಗೆ ಕಂಡರೆ ಅದೇ ದಿನ ಬಾ ಎಂದರು. ಸೊಟ್ಟಗೆ ಕಂಡರೆ ಏನರ್ಥ ಎಂದು ನಾನು ಕೇಳಿದೆ. “ಒಳಗೆ ರಕ್ತ ಜಿನುಗ್ತೈತೆ ಅಂತ. ಆಗ ಇಷ್ಟೂ ಇರಾಕಿಲ್ಲ” ಅಂದಳು.

ಸಂಜೆ ಬಂದ ಯಜಮಾನರಿಗೆ ಹೇಳಲೇಬೇಕಾಯಿತು. ಅವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, “ಪರವಾಲೇದಮ್ಮ, ಪರವಾಗಿಲ್ಲ” ಎಂದು ಎರಡೂ ಭಾಷೆಯಲ್ಲಿ ಹೇಳಿದರು. ಎರಡು ಸಲ ಹೇಳಿದರೆಂದರೆ ಅವರಿಗೂ ಹೆದರಿಕೆಯಾಗಿದೆ ಎಂದು ನನಗೆ ಗೊತ್ತು.

ಡಾಕ್ಟರು ಕೊಟ್ಟ ಹಾಳೆ ಒಂದೇ ಇತ್ತು, ಅದರ ಮೇಲೆ ಗೀಚಿದರೆ ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ನನ್ನ ಹತ್ತಿರ ಅಪ್ಪನ ಗ್ರಾಫ್ ಹಾಳೆಗಳಿದ್ದವು. ಸೀರೆಯ ಅಂಚು, ಬುಟ್ಟಾ ಬರೆಯಲು ತಂದವು. ಹಳೆಯದಾದ ಒಂದು ಕಟ್ಟನ್ನು ನಾನು ಗೂಡಿನ ಹಲಗೆಗೆ ಹಾಸಲೆಂದು ತಂದಿಟ್ಟುಕೊಂಡಿದ್ದೆ. ಅದನ್ನೇ ತೆಗೆದೆವು. ಹಾಳೆಯ ನಡುವೆ ಒಂದು ಚುಕ್ಕೆ, ಗೋಡೆಗೆ ಮೊಳೆ. ದೂರ ದಿನಾ ಒಂದೇ ಇರಬೇಕೆಂದು ಮೊಳೆಗೆ ಒಂದು ನೂಲು ಕಟ್ಟಿದೆ. ನೂಲಿನ ಇನ್ನೊಂದು ತುದಿಯನ್ನು ಅವಳ ಹುಬ್ಬುಗಳ ನಡುವೆ ಒತ್ತಿಹಿಡಿಯುವುದು ನನ್ನ ಕೆಲಸ. ಅವಳು ಎಡಗಣ್ಣು ಮುಚ್ಚಿಕೊಂಡು, ಚುಕ್ಕೆ ಇರಬೇಕಾದ ಕಡೆ ನೋಡುತ್ತ, ಕಾಣದ ಚೌಕಗಳನ್ನು ಪೆನ್ಸಿಲಿನಿಂದ ತುಂಬುವಳು. ನಾನು ತಾರೀಖು ಹಾಕುವೆ.

ಮೊದಲ ದಿನ ಅಡ್ಡಕ್ಕೆ ಹನ್ನೊಂದು ಚೌಕ. ಎರಡನೆಯ ದಿನವೂ ಹನ್ನೊಂದು. ಮೂರನೆಯ ದಿನ ಹತ್ತು.

ಹೆದರಿಕೆಗೆ ಇಂಥ ಹೊತ್ತು ಅಂತಿರಲಿಲ್ಲ. ಮುದ್ದೆ ತಿರುವುವಾಗ, ಬಿಂದಿಗೆ ಸೊಂಟಕ್ಕೇರಿಸುವಾಗ, ಅಂಗಡಿಯವನು ಚಿಲ್ಲರೆ ಕೊಡುವಾಗ, ಥಟ್ಟನೆ ಬರುತ್ತಿತ್ತು. ನಾನೂ ಎಡಗಣ್ಣು ಮುಚ್ಚಿ ಬೀದಿ ನೋಡುತ್ತಿದ್ದೆ. ಎಲ್ಲ ಕಾಣುತ್ತಿತ್ತು. ಕಾಣುವುದೇ ಒಂದು ತಪ್ಪಿನಂತೆ ಮುಚ್ಚಿದ ಕಣ್ಣು ತೆರೆದುಬಿಡುತ್ತಿದ್ದೆ. ತಂಗಿ ಹಗಲು ಹೇಗೋ ಇರುತ್ತಿದ್ದಳು. ದೀಪ ಆರಿಸಿದ ಮೇಲೆ ಕಲೆ ಕತ್ತಲಲ್ಲೂ ಕಾಣುತ್ತದೆಂದು ಮಗ್ಗುಲು ಬದಲಿಸುತ್ತಿದ್ದಳು. ಆ ಪುಟಗಳಲ್ಲೆಲ್ಲ ಕೊನೆಗೆ ಒಂದೇ ಸಾಲು: ಯಜಮಾನರು ಮೊದಲು ಮಲಗಿದರು, ಆಮೇಲೆ ನಾನು, ತಂಗಿ ಗೊತ್ತಿಲ್ಲ.

ಐದನೆಯ ದಿನ ಬೆಳಿಗ್ಗೆ ಅವಳು ಪೆನ್ಸಿಲು ಹಿಡಿದವಳು ಕಲ್ಲಾದಳು.

“ಅಕ್ಕ. ಎಡಗಡೆ ಗೆರೆ ಡೊಂಕಾಗೈತೆ.”

ನನ್ನ ಕೈಯಿಂದ ನೂಲು ಜಾರಿತು. ಯಜಮಾನರು ಹಲ್ಲುಜ್ಜುತ್ತಿದ್ದವರು ಬಾಯಿ ತುಂಬ ನೊರೆ ಇಟ್ಟುಕೊಂಡೇ ಒಳಗೆ ಬಂದರು. ಏಳೂವರೆಯ ಬಸ್ಸು ಸಿಕ್ಕೀತೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಚೀಲಕ್ಕೆ ಅವಳ ಸೀರೆ ತುರುಕುತ್ತಿದ್ದೆ. ಆಗ ಯಜಮಾನರು ಬಾಯಿ ತೊಳೆದು ಬಂದು ಹಾಳೆಯ ಮುಂದೆ ನಿಂತು ಮೇಷ್ಟ್ರ ದನಿಯಲ್ಲಿ, “ಇನ್ನೊಂದು ಕಣ್ಣಲ್ಲಿ ನೋಡಮ್ಮ” ಎಂದರು.

ತಂಗಿ ನೋಡಿದಳು. “ಇದರಲ್ಲೂ ಡೊಂಕೇ.”

“ನನಗೂ ಡೊಂಕೇ. ಹಾಳೆ ಒದ್ದೆಯಾಗಿ ಒಣಗಿರೋದು. ನಿಮ್ಮಕ್ಕ ಇದರ ಮೇಲೆ ಉಪ್ಪಿನಜಾಡಿ ಇಟ್ಟಿದ್ಲು.”

ನಾನು ಚೀಲದ ಪಕ್ಕದಲ್ಲೇ ಕೂತುಬಿಟ್ಟೆ. ಕೂತವಳಿಗೆ ನಗು ಬಂತು, ನಗುತ್ತ ಅಳು ಬಂತು. ಅಂದಿನಿಂದ ಹಾಳೆಗಳನ್ನು ಹಿಂದಿನ ದಿನವೇ ಹಾಸಿಗೆಯ ಕೆಳಗಿಟ್ಟು ಮಟ್ಟ ಮಾಡುತ್ತಿದ್ದೆ.

ಏಳನೆಯ ದಿನ ಒಂಬತ್ತು. ಒಂಬತ್ತನೆಯ ದಿನ ಏಳು. ಹತ್ತನೆಯ ದಿನ ಆರು. ತಂಗಿ ಆರು ಎಂದು ನನ್ನ ಕುತ್ತಿಗೆ ತಬ್ಬಿಕೊಂಡಳು. “ಇನ್ನೊಂದು ವಾರಕ್ಕೆ ಏನೂ ಇರಾಕಿಲ್ಲ ನೋಡು” ಅಂದಳು. ಹನ್ನೊಂದನೆಯ ದಿನ ಆರು. ಹನ್ನೆರಡನೆಯ ದಿನ ಆರು. ಅವಳು ಎಣಿಸುವುದನ್ನು ಬಿಟ್ಟಳು. ಚೌಕ ತುಂಬಿ ಪೆನ್ಸಿಲು ಕೆಳಗಿಟ್ಟು, “ಕಮ್ಮಿ ಆಗೈತಲ್ಲಕ್ಕ?” ಎಂದು ಕೇಳುವಳು. ನಾನು ಎಣಿಸುತ್ತಿದ್ದೆ. “ಹೂಂ, ಒಂದ್ಚೂರು” ಅನ್ನುತ್ತಿದ್ದೆ. ನನ್ನ ಪುಸ್ತಕದಲ್ಲಿ ಆ ಕೊನೆಯ ನಾಲ್ಕು ದಿನ ನಾನು ಚೌಕದ ಲೆಕ್ಕ ಬರೆದಿಲ್ಲ. ಅಷ್ಟು ವರ್ಷಗಳಲ್ಲಿ ನಾನು ಬರೆಯದೆ ಬಿಟ್ಟದ್ದು ಅದೊಂದೇ.

ಹದಿನೈದನೆಯ ದಿನ ಹಾಳೆಗಳನ್ನೆಲ್ಲ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆವು. ಮಾರನೆಯ ದಿನ ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಬೆಳಗಿನ ರೈಲು ಹಿಡಿಯಲು ಹಿಂದಿನ ರಾತ್ರಿ ಹಿಂದೂಪುರದಲ್ಲಿ ಉಳಿಯದೆ ಗತಿಯಿಲ್ಲ. ಅಪ್ಪನಿಗೆ ಏನೂ ಗೊತ್ತಾಗದಂತೆ ಒಂದು ಸಂಜೆ ಕಳೆದರಾಯಿತು ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡೆವು. ಏನು ಹೇಳುವುದು, ಯಾಕೆ ಇಬ್ಬರೂ ಒಟ್ಟಿಗೆ ಬಂದೆವು, ಎಲ್ಲ ಹೊಂದಿಸಿಕೊಂಡೆವು. ಪಾವಗಡ ದಾಟಿದ ಮೇಲೆ ಬಂಡೆಗಳ ಮೇಲಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ತಂಗಿ ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡೇ ಕೂತಿದ್ದಳು.

ಮನೆಗೆ ಹೋದಾಗ ಅಮ್ಮ ಹುಣಸೆ ಚಿಗುರು ಬಿಡಿಸುತ್ತಿದ್ದಳು. “ಇಬ್ಬರೂ ಒಟ್ಗೆ ಬಂದಿದ್ದೀರಿ, ಯಾರು ಹೋಗ್ಬುಟ್ರು?” ಎಂದಳು. ಸರಿ, ಅಮ್ಮನ ಸ್ವಾಗತವೇ ಹಾಗೆ. ಅಪ್ಪ ಮಗ್ಗದಲ್ಲಿದ್ದ. ಲಾಳಿ ಆಡುವ ಸದ್ದು ಬೀದಿಗೇ ಕೇಳುತ್ತಿತ್ತು. ಮಗ್ಗದ ಪಕ್ಕದ ಗೋಡೆಯಲ್ಲಿ ಒಂದು ಗುಳಿ ಇದೆ. ನಾನು ಹುಟ್ಟುವ ಮೊದಲು ಯಾವಾಗಲೋ ಲಾಳಿ ಹಾದಿ ಬಿಟ್ಟು ಹಾರಿ, ಅದರ ಕಬ್ಬಿಣದ ಮೂತಿ ಬಡಿದು ಆದದ್ದು. ಎಷ್ಟು ಸಲ ಸುಣ್ಣ ಹೊಡೆದರೂ ಅಪ್ಪ ಅದನ್ನು ಮುಚ್ಚಲು ಬಿಟ್ಟಿರಲಿಲ್ಲ.

ನಾನು ನೀರು ತರಲು ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದರೆ ಲಾಳಿಯ ಸದ್ದು ನಿಂತಿತ್ತು. ಚೀಲದಿಂದ ಇಣುಕುತ್ತಿದ್ದ ಗ್ರಾಫ್ ಹಾಳೆಯ ಸುರುಳಿಯನ್ನು ಅಪ್ಪ ತೆಗೆದು ನೆಲದ ಮೇಲೆ ಹರಡಿದ್ದ. ಅವನ ಹಾಳೆಗಳು, ಅವನಿಗೆ ಗುರುತು ಸಿಕ್ಕದೆ ಇರುತ್ತದೆಯೇ?

“ಯಾರಿಗಮ್ಮ ಈ ಬುಟ್ಟಾ?” ಎಂದ.

“ಕಸೂತಿಗೆ ಕಣಪ್ಪ, ಸುಮ್ಕೆ” ಅಂದೆ.

ಅಪ್ಪ ಹಾಳೆಗಳನ್ನು ತಾರೀಖಿನಂತೆ ಸಾಲಾಗಿ ಜೋಡಿಸಿದ. ಗ್ರಾಫ್ ಹಾಳೆಯ ಮೇಲೆ ಅವನು ಬೆರಳಿಟ್ಟು ಎಣಿಸುವವನಲ್ಲ. ನೋಡಿದರೆ ಸಾಕು.

“ಹನ್ನೊಂದು, ಹನ್ನೊಂದು, ಹತ್ತು... ಇಲ್ಲಿ ಏಳು. ಇಲ್ಲಿಂದ ಆರು, ಆರು, ಆರು, ಆರು, ಆರು, ಆರು. ದಿನಾ ಕರಗ್ತಾ ಬರೋ ಬುಟ್ಟಾನ ಯಾರು ನೇಯ್ತಾರೆ? ಇದು ಕಡಿಮೆ ಆಗ್ತಾ ಬಂದು ನಿಂತೋಗೈತೆ. ಏನಿದು?”

ತಂಗಿ ನನ್ನ ಮುಖ ನೋಡಿದಳು. ಕಡಿಮೆ ಆಗಿಲ್ಲ ಎಂಬುದು ಅವಳಿಗೆ ತಿಳಿದದ್ದು ಹಾಗೆ, ಅಪ್ಪನ ಬಾಯಿಂದ. ಆ ಕ್ಷಣದಲ್ಲಿ ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಸಿಟ್ಟಾಗಲಿಲ್ಲ. ಮಂಡಿಯೂರಿ ಅಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದಳು. ಹಸಿರು ಆರಿದ್ದು, ಬಗ್ಗಿದ್ದು, ಮುಳ್ಳಿಲ್ಲದ ಗಡಿಯಾರ. ಅಮ್ಮನ ಕೈಯಲ್ಲಿದ್ದ ಚಿಗುರು ಕೈಯಲ್ಲೇ ಉಳಿಯಿತು.

ಅಪ್ಪ ಹಾಳೆಗಳನ್ನು ಮತ್ತೆ ಸುರುಳಿ ಸುತ್ತಿದ. ಆಮೇಲೆ ಕೇಳಿದ:

“ನೀನು ಬಗ್ಗಿದಾಗ ಲಾಳಿ ಎಲ್ಲಿತ್ತು?”

“ಅಲ್ಲಿ ಲಾಳಿ ಎಲ್ಲಿ ಬತ್ತದಪ್ಪ.”

“ಓಡೋದು ಒಂದಿರ್ತದಲ್ಲಮ್ಮ. ಅದು ಎಲ್ಲಿತ್ತು?”

ತಂಗಿ ತಲೆ ತಗ್ಗಿಸಿದಳು. “ಓಡ್ತಾನೇ ಇತ್ತು.”

“ಬಟ್ಟೆ ಬರ್ತಾ ಇಲ್ಲ ಅಂತ ಲಾಳಿ ನಿಂತೈತೆ ಅಂದ್ಕೊಂಡೆ.”

“ಹೂಂ.”

“ನಾನು ಹಾಸು ನೋಡಾಕೆ ಬಗ್ಗೋವಾಗ ಲಾಳೀನ ಏನ್ಮಾಡ್ತಿದ್ದೆ?”

ತಂಗಿಗೆ ಗೊತ್ತಿರಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ. ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆವರೆಗೆ ನೆನಪಿಗೆ ಬಂದಿರಲಿಲ್ಲ, ಅಷ್ಟೇ.

“ನನ್ನ ಕೈಗೆ ಕೊಡ್ತಿದ್ದೆ” ಅಂದೆ.

ಬಗ್ಗಿದವನ ಕಣ್ಣು ಲಾಳಿಯ ಹಾದಿಯ ಮಟ್ಟದಲ್ಲೇ ಇರುತ್ತದೆ. ಯಾರಾದರೂ ಮರೆತು ಲಾಳಿ ಓಡಿಸುವ ಹಗ್ಗ ಎಳೆದರೆ ಕಬ್ಬಿಣದ ಮೂತಿ ನೇರ ಕಣ್ಣಿಗೆ. ಅದಕ್ಕೇ ಅಪ್ಪ ಬಗ್ಗುವ ಮೊದಲು ಲಾಳಿಯನ್ನು ಮಗ್ಗದಿಂದಲೇ ತೆಗೆದು ನನ್ನ ಕೈಗೆ ಕೊಡುತ್ತಿದ್ದ. ಅವನು ಏಳುವ ತನಕ ನಾನು ಅದನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ಪುಟ್ಟ ತಂಗಿ ಅಪ್ಪನ ಪಕ್ಕದಲ್ಲಿ ತಾನೂ ಬಗ್ಗುತ್ತಿದ್ದಳು. ಬಗ್ಗುವುದು ಅವಳ ಪಾಲಿಗೆ ಬಂತು, ಲಾಳಿ ನನ್ನ ಪಾಲಿಗೆ. ನಾನು ಮದುವೆಯಾಗಿ ಹೋದ ಮೇಲೆ ಅಪ್ಪ ಲಾಳಿಯನ್ನು ಪಂಚೆಯ ಮಡಿಲಿಗೆ ಹಾಕಿಕೊಳ್ಳುತ್ತಿದ್ದನಂತೆ. ಬಗ್ಗಿದವಳ ಕಣ್ಣಿಗೆ ಮಡಿಲು ಎಲ್ಲಿ ಕಂಡೀತು?

“ಹೇಳ್ಕೊಡ್ಬೇಕಾಗಿತ್ತು” ಎಂದು ಅಪ್ಪ ತನಗೇ ಎಂಬಂತೆ ಅಂದ. ಅಪ್ಪ ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆಂದೇ ತಂಗಿ ಇದನ್ನು ಮುಚ್ಚಿಟ್ಟದ್ದೆಂದು ಆಗ ನನಗೆ ಪೂರಾ ತಿಳಿಯಿತು. ಲಾಳಿ ಹಿಡಿದು ನಿಂತವಳು ನಾನು, ಅವನಿಗಿಂತ ಮೊದಲು ನನಗೇ ಆ ಮಾತು ಬರಬೇಕಿತ್ತು.

ಮಾರನೆಯ ಬೆಳಗಿನ ರೈಲಿಗೆ ಅಪ್ಪನೂ ಹೊರಟ. ಒಗೆದ ಪಂಚೆ ಉಟ್ಟು, ಹಾಳೆಗಳ ಸುರುಳಿಯನ್ನು ತಾನೇ ಹಿಡಿದುಕೊಂಡ. ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಕತ್ತಲ ಕೋಣೆಯಲ್ಲಿ ಕೂರಿಸಿ ಬಹಳ ಹೊತ್ತು ನೋಡಿದರು. ನಾನು ಹೊರಗೆ ಬೆಂಚಿನ ಮೇಲೆ ಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದೆ. ಒಳಗಿನಿಂದ ಒಂದು ಮಾತೂ ಕೇಳುತ್ತಿರಲಿಲ್ಲ.

ನಮ್ಮನ್ನು ಒಳಗೆ ಕರೆದು ಡಾಕ್ಟರು ಹಾಳೆಗಳನ್ನು ನೋಡಿದರು. ಇಷ್ಟು ಅಚ್ಚುಕಟ್ಟಾಗಿ ಯಾರೂ ತಂದಿರಲಿಲ್ಲ ಎಂದರು. ಆಮೇಲೆ, ಊತ ಇಳಿದಿದೆ, ರಕ್ತ ಜಿನುಗಿಲ್ಲ, ಇನ್ನು ಬೆಳೆಯುವ ಲಕ್ಷಣವಿಲ್ಲ, ಉಳಿದಿರುವ ಕಲೆ ಮಾತ್ರ ಹೋಗುವುದಿಲ್ಲ ಎಂದರು. ಇನ್ನೊಂದು ಕಣ್ಣಿಗೆ ಏನೂ ಆಗಿಲ್ಲ.

“ಎಳೆ ಕಟ್ಟಾಕಾಯ್ತದಾ ಸಾಮಿ, ಇವಳ ಕೈಲಿ?” ಎಂದು ಅಪ್ಪ ಕೇಳಿದ.

ಡಾಕ್ಟರಿಗೆ ಅರ್ಥವಾಗಲಿಲ್ಲ. ತಂಗಿಯೇ ಹೇಳಿದಳು, “ಬೆಳಕನ್ನ ಚಿಪ್ಪಿನ ಬಾಯಿಗೆ ಕೂರಿಸೋ ಕೆಲಸ. ಸಣ್ಣದು. ಅದು ಮಾಡ್ಬೋದಾ ಅಂತ.”

“ಮಾಡಿ ನೋಡಬೇಕು” ಎಂದರು ಡಾಕ್ಟರು.

ಸಂಜೆಯ ರೈಲಿಗೆ ವಾಪಸು ಬಂದೆವು. ಮನೆ ಹೊಕ್ಕವನೇ ಅಪ್ಪ ಮಗ್ಗದ ಮನೆಯ ದೀಪ ಹಾಕಿ, ಹಾಸಿನ ಮೇಲೆ ಬಗ್ಗಿ, ಯಾವುದೋ ಒಂದು ಎಳೆಯನ್ನು ಉಗುರಿನಿಂದ ಚಿವುಟಿ ಹರಿದ. ಕೂಡಿದ ಹಾಸಿನಲ್ಲಿ ತಾನಾಗಿ ಎಳೆ ಹರಿಯುವವನನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಬಲಗಣ್ಣಲ್ಲಿ ಹುಡುಕು” ಎಂದ.

ತಂಗಿ ಮಗ್ಗದ ಹತ್ತಿರ ಹೋದಳು. ಬಗ್ಗಲು ಹೊರಟವಳು ನಿಂತಳು. ಲಾಳಿಯನ್ನು ಹಾದಿಯಿಂದ ತೆಗೆದು, ಹಿಂದೆ ತಿರುಗದೆ, ಕೈ ಚಾಚಿದಳು. ನಾನು ತೆಗೆದುಕೊಂಡೆ. ಎಷ್ಟೋ ವರ್ಷಗಳ ಮೇಲೆ ಕೈಗೆ ಬಂದ ಲಾಳಿ, ಅಪ್ಪನ ಕೈಯ ಎಣ್ಣೆ ಹಿಡಿದು ನುಣ್ಣಗಿತ್ತು.

ಅವಳು ಮಂಡಿಯೂರಿ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಕೆನ್ನೆಯನ್ನು ಹಾಸಿನ ಮಟ್ಟಕ್ಕೆ ತಂದಳು. ಮೊದಲು ನೆಟ್ಟಗೆ ನೋಡಿದಳು. ತಲೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಅಮ್ಮ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಒಂದು ಸಲ ತಂಗಿ ಎದ್ದುಬಿಡುವಳೇನೋ ಅನಿಸಿತು. ನಾನು ಲಾಳಿಯನ್ನು ಎದೆಗೆ ಒತ್ತಿಕೊಂಡಿದ್ದೆ. ಅಂಗೈಯ ಬೆವರಿಗೆ ಅದು ಜಾರುತ್ತಿತ್ತು. ಆಮೇಲೆ ಅವಳು ಎಳೆಗಳನ್ನು ನೇರ ನೋಡುವುದು ಬಿಟ್ಟು, ಅವುಗಳ ಪಕ್ಕದಲ್ಲಿ ಬೇರೇನನ್ನೋ ನೋಡುವವಳಂತೆ ಮುಖವನ್ನು ಓರೆ ಮಾಡಿದಳು. ಅಕ್ಕಿ ಆರಿಸಿದ ದಿನದಂತೆಯೇ. ಹಾಗೇ ಇದ್ದು, ಕೈ ಚಾಚಿ, ಹಾಸಿನ ಮೇಲೆ ಒಂದು ಕಡೆ ಬೆರಳಿಟ್ಟಳು.

“ಇಲ್ಲಿ.”

ಅಪ್ಪ ಬಗ್ಗಿ ನೋಡಿದ. “ಹೂಂ. ಕಟ್ಟು.”

ಅವಳು ಎಳೆ ಕಟ್ಟಿದಳು. ಗಂಟು ಎರಡು ಸಲ ತಪ್ಪಿತು, ಮೂರನೆಯ ಸಲ ಕೂತಿತು. ಅಪ್ಪ ಎಳೆದು ನೋಡಿ, “ನಿಧಾನ ಆಯ್ತದೆ. ಅಷ್ಟೇ” ಎಂದ. ಮತ್ತೆ ಕೇಳಿದ, “ಅಲ್ಲಿ ಯಾರ ಕೈಗೆ ಕೊಡ್ತೀಯ? ಅಕ್ಕ ಬತ್ತಾಳಾ ಅಲ್ಲಿಗೆ?”

“ಲೇಸರಿಗೆ ಬೀಗದ ಕೈ ಇರ್ತದಪ್ಪ. ತಿರುಗಿಸಿ ತೆಗೆದ್ರೆ ಪೂರಾ ಆರೋಯ್ತದೆ. ತೆಗೆಯೋ ಅಭ್ಯಾಸ ಯಾರಿಗೂ ಇಲ್ಲ.”

“ನೀನು ತೆಗಿ. ಮಡ್ಲಿಗೆ ಹಾಕ್ಕೊಂಡು ಆಮೇಲೆ ಬಗ್ಗು.”

ಅಮ್ಮ ಒಳಗೆ ಹೋಗಿ ಕಂಡಿಕೆಯಲ್ಲಿ ಉಳಿದಿದ್ದ ಹಸಿರು ರೇಷ್ಮೆಯನ್ನು ನಾಲ್ಕು ಎಳೆ ಸೇರಿಸಿ ಹುರಿ ಮಾಡಿ ತಂದಳು. “ಕೀಲಿಗೆ ಕಟ್ಕೊ. ಬೀಗದ ಕೈ ಕಳ್ಕೊಳ್ಳೋದ್ರಲ್ಲೂ ನೀನು ಗಟ್ಟಿಗಿತ್ತಿ” ಅಂದಳು. ತಂಗಿ ಅದನ್ನು ಬೆರಳಿಗೆ ಸುತ್ತಿಕೊಂಡು ನಕ್ಕಳು. ನಾನು ಲಾಳಿಯನ್ನು ಮಗ್ಗಕ್ಕೆ ಹಿಂತಿರುಗಿಸಿದೆ. ನನ್ನ ಹೆದರಿಕೆ ಮಾತ್ರ ಹೋಗಿರಲಿಲ್ಲ. ಸೋಮವಾರ ಅವಳು ಮತ್ತೆ ಅದೇ ಮೇಜಿನ ಮುಂದೆ ನಿಲ್ಲುತ್ತಾಳೆ. ಕಾಣದ ಬೆಳಕು ಎಲ್ಲಿ ಓಡುತ್ತಿದೆ ಎಂದು ನನಗೆ ಇಲ್ಲಿಂದ ಹೇಗೆ ತಿಳಿಯಬೇಕು? ಇಂದಿಗೂ ಮಧ್ಯಾಹ್ನದ ಹೊತ್ತು ಕರೆಂಟು ಹೋಗಿ ಬಂದರೆ, ಮಾಡುತ್ತಿರುವ ಕೆಲಸ ಬಿಟ್ಟು ಒಂದು ಗಳಿಗೆ ನಿಲ್ಲುತ್ತೇನೆ.

ಆ ದಿನದ ಪುಟದ ಕೊನೆ ಹೀಗಿದೆ. ರಾಗಿ ಮುದ್ದೆ, ಹುಣಸೆ ಚಿಗುರು ಹಾಕಿದ ಬೇಳೆ ಸಾರು, ಹುರಿದ ಕಡಲೆಕಾಯಿ ಬೀಜದ ಚಟ್ನಿ. ಅಪ್ಪ ಒಂದು ಮುದ್ದೆ ಬಿಟ್ಟ, ಅಮ್ಮ ಬೈದಳು. ಮೊದಲು ಮಲಗಿದ್ದು ತಂಗಿ, ಎಲೆಅಡಿಕೆ ತಟ್ಟೆ ಬರುವ ಮೊದಲೇ, ಹಸಿರು ದಾರ ಬೆರಳಲ್ಲಿ ಇದ್ದ ಹಾಗೇ.